ಬಿದ್ದವನನ್ನು ದಾಟುವ ನಿಯಮ

ನಮ್ಮ ಆಟದ ನೋಟುಬುಕ್ಕಿನ ಮೊದಲ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಒಂದು ನಿಯಮ ಬರೆದಿದೆ: ಬಿದ್ದವನನ್ನು ಯಾರೂ ದಾಟಬಾರದು. ಅದರ ಕೆಳಗೆ ಕೆಂಪು ಪೆನ್ನಿನಿಂದ ಎರಡು ಗೆರೆ ಬೇರೆ ಎಳೆದಿದ್ದೇನೆ. ಎರಡು ವರ್ಷ ಆ ನಿಯಮದ ಬಗ್ಗೆ ನನಗೆ ಒಳ್ಳೇ ಹಮ್ಮಿತ್ತು. ಹೋದ ವರ್ಷ ಅದನ್ನು ಹೊಡೆದುಹಾಕಲು ಹೊರಟವನೂ ನಾನೇ. ಯಾಕೆ ಅಂತ ಹೇಳಬೇಕಾದರೆ ಆಟದಿಂದಲೇ ಶುರು ಮಾಡಬೇಕು, ಏಕೆಂದರೆ ನಾವು ನಾಲ್ವರನ್ನು ಬಿಟ್ಟರೆ ದಾಂಡೇಲಿಯಲ್ಲಿ ಅದನ್ನು ಆಡುವವರು ಇನ್ನೊಬ್ಬರಿದ್ದಂತೆ ಕಾಣೆ.

ನನ್ನದೊಂದು ಝೆರಾಕ್ಸ್ ಅಂಗಡಿ. ಅಪ್ಪ ಧಾರವಾಡದ ಕಡೆಯಿಂದ ಇಲ್ಲಿಗೆ ಕಾಗದ ಮಾಡುವ ಕೆಲಸಕ್ಕೆ ಬಂದವರು, ನಾನು ಕಾಗದದ ಮೇಲೆ ಮಸಿ ಹಚ್ಚಿ ಹೊಟ್ಟೆ ಹೊರೆಯುತ್ತೇನೆ. ಒಂದು ದಿನ ಬೆಳಗಾವಿ ಕಡೆಯ ಕಾಲೇಜು ಹುಡುಗನೊಬ್ಬ ಪೆನ್‌ಡ್ರೈವ್ ಕೊಟ್ಟು, ಮುನ್ನೂರು ಚಿಲ್ಲರೆ ಪುಟದ ಇಂಗ್ಲಿಷ್ ಪುಸ್ತಕವೊಂದನ್ನು ಮುದ್ರಿಸಿ ಸ್ಪೈರಲ್ ಹಾಕಿಡಲು ಹೇಳಿ ಹೋದ. ಹೋದವ ಹೋದ. ತಿಂಗಳು ಕಾದೆ, ಬರಲಿಲ್ಲ. ಕೊನೆಗೆ ಸಿಟ್ಟಿನಿಂದ ನಾನೇ ಓದಲು ಕೂತೆ. ಅದು ಒಂದು ಆಟದ ಪುಸ್ತಕ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಆ ಕತೆಯೊಳಗೆ ಒಬ್ಬೊಬ್ಬ ಪಾತ್ರ. ಬಾಗಿಲು ಒಡೆಯುತ್ತೇನೆ, ಹೊಳೆ ಜಿಗಿಯುತ್ತೇನೆ ಎಂದು ಬಾಯಲ್ಲಿ ಹೇಳಿದರೆ ಸಾಕು. ಆಯಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕಾಳಗ ಬಂದಾಗ ಮಾತ್ರ ಚೌಕುಳಿ ಎಳೆದ ಹಾಳೆ ಹಾಸಿ, ಯಾರ ಕಾಯಿ ಯಾವ ಮನೆಯಲ್ಲಿದೆ, ಒಂದು ಸರದಿಗೆ ಎಷ್ಟು ಮನೆ ನಡೆಯಬಹುದು ಎಂದು ಲೆಕ್ಕ ಹಿಡಿದು ಆಡಬೇಕು. ನಲವತ್ತು ದಾಟಿದ ಗಂಡಸಿಗೆ ಇದು ಬೇಕಿತ್ತಾ ಎಂದು ಕೇಳಿದರೆ, ಬೇಕಿತ್ತು.

ಆಡಲು ಜನ ಸಿಕ್ಕುವುದು ಕಷ್ಟವಾಗಲಿಲ್ಲ. ಮೊದಲನೆಯವ ನನ್ನ ಬಾಲ್ಯದ ಗೆಳೆಯ, ಬೈಕ್ ಮಿಸ್ತ್ರಿ. ಒಂದೇ ಓಣಿಯಲ್ಲಿ ಬೆಳೆದವರು ನಾವು. ನನ್ನ ಮನೆಯ ಹೋಳಿಗೆ ಅವನಿಗೆ, ಅವನ ಮನೆಯ ಶೀರ್ ಕುರ್ಮಾ ನನಗೆ ಎಂದು ಲೆಕ್ಕವಿಲ್ಲದೆ ನಡೆದು ಬಂದಿದೆ. ಎರಡನೆಯವಳು ನನ್ನ ಹೆಂಡತಿ. ಗಂಡ ಭಾನುವಾರ ಎಲ್ಲಿಗೆ ಹೋಗುತ್ತಾನೆಂದು ನೋಡಲು ಬಂದವಳು ನಮ್ಮೆಲ್ಲರಿಗಿಂತ ಜೋರಾಗಿ ಆಡತೊಡಗಿದಳು. ಮೂರನೆಯವರು ಕೋಗಿಲಬನದ ಶಾಲೆಯ ಮಾಸ್ತರರು, ಜೋಯಿಡಾ ಕಡೆಯ ಕೊಂಕಣಿ ಮಾತಾಡುವ ಮನುಷ್ಯ, ಪುಸ್ತಕದ ಒಂದು ಅಕ್ಷರವನ್ನೂ ಬಿಡದವರು. ಮಿಸ್ತ್ರಿಯ ಗ್ಯಾರೇಜಿನ ಮೇಲಿನ ಅಟ್ಟದಲ್ಲಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಸೇರುತ್ತಿದ್ದೆವು. ಕಾಯಿಗಳಿಗೆಂದು ಏನೂ ಕೊಳ್ಳಲಿಲ್ಲ. ಮಿಸ್ತ್ರಿಯ ಸೈನಿಕ ಒಂದು ಹಳೇ ಸ್ಪಾರ್ಕ್ ಪ್ಲಗ್, ಹೆಂಡತಿಯ ವೈದ್ಯೆ ಒಂದು ದಾರದ ಉಂಡೆ, ಮಾಸ್ತರರ ಕಳ್ಳ ಒಂದು ತುಂಡು ಸೀಮೆಸುಣ್ಣ. ವೈರಿಗಳೆಲ್ಲ ನಟ್ಟು ಬೋಲ್ಟು.

ಮೊದಲನೇ ಕಾಳಗದಲ್ಲೇ ಮಿಸ್ತ್ರಿಯ ಸೈನಿಕ ಬಿದ್ದ. ಪ್ಲಗ್ಗನ್ನು ಅಡ್ಡ ಮಲಗಿಸಿದೆವು. ಪುಸ್ತಕದ ಪ್ರಕಾರ ಬಿದ್ದ ಗೆಳೆಯನ ಮನೆಯ ಮೇಲೆ ಹಾಯ್ದು ಹೋಗಬಹುದು. ಕಲ್ಲು ಮುಳ್ಳಿನ ನೆಲದ ಹಾಗೆ ಆ ಒಂದು ಮನೆಗೆ ಎರಡು ಮನೆಯ ನಡಿಗೆ ತಗಲುತ್ತದೆ, ಅವನ ಮೇಲೆಯೇ ನಿಲ್ಲುವ ಹಾಗಿಲ್ಲ, ಅಷ್ಟೆ. ಮಾಸ್ತರರು ಪುಸ್ತಕ ನೋಡಿ ಸೀಮೆಸುಣ್ಣ ಎತ್ತಿ ಪ್ಲಗ್ಗಿನ ಆಚೆ ಇಟ್ಟರು. ನನ್ನ ಹೆಂಡತಿಯೂ ಮಿಸ್ತ್ರಿಯೂ ಒಂದೇ ಉಸಿರಿಗೆ ದಾಟಬ್ಯಾಡ್ರಿ ಅಂದರು. ಮಲಗಿದವರನ್ನು ದಾಟಬಾರದು, ದಾಟಿದರೆ ಅವರು ಬೆಳೆಯುವುದಿಲ್ಲ, ಗೊತ್ತಿಲ್ಲದೆ ದಾಟಿದರೆ ಬಂದ ಹಾದಿಯಲ್ಲೇ ತಿರುಗಿ ದಾಟಬೇಕು ಎಂದು ನಮ್ಮ ಅಜ್ಜಿ ಹೇಳಿದ್ದನ್ನೇ ಅವನು ದಾದಿ ಎಂದು ಕರೆಯುವ ಅವನ ಅಜ್ಜಿಯೂ ಹೇಳಿ ಬೆಳೆಸಿದ್ದಳು. ಮಾಸ್ತರರ ಮನೆಯಲ್ಲೂ ಅದೇ ರೂಢಿ. ಕಾಗದದ ಮೇಲೂ ಅದು ನಡೆಯುತ್ತದೆಂದು ಅವರಿಗೆ ಗೊತ್ತಿರಲಿಲ್ಲವಂತೆ. ಸೀಮೆಸುಣ್ಣ ತಿರುಗಿ ಈಚೆ ಬಂತು.

ಅವತ್ತೇ ನಾನು ನಿಯಮ ಬರೆದೆ. ಬಿದ್ದವನು ಗೆಳೆಯನಿರಲಿ ವೈರಿಯಿರಲಿ, ದಾಟುವ ಹಾಗಿಲ್ಲ. ಸುತ್ತು ಹಾಕಿ ಹೋಗಬೇಕು. ಸುತ್ತಲು ಜಾಗವಿಲ್ಲದಿದ್ದರೆ ಎತ್ತಬೇಕು ಇಲ್ಲವೇ ಎಳೆಯಬೇಕು, ಅದಕ್ಕೆ ಒಂದು ಸರದಿ ಪೂರ್ತಿ ಹೋಗುತ್ತದೆ. ಇದರಿಂದ ನಮ್ಮ ಆಟಕ್ಕೆ ಬೇರೆಯೇ ರುಚಿ ಬಂತು. ಬೇರೆ ಊರಿನವರು ಹೊಡೆದು ಮುಂದೆ ಹೋಗುವ ಕಡೆ ನಾವು ಹೊತ್ತುಕೊಂಡು ಹೋಗುತ್ತಿದ್ದೆವು. ಇಂಟರ್ನೆಟ್ಟಿನಲ್ಲಿ ಈ ಆಟದವರ ಗುಂಪೊಂದರಲ್ಲಿ ನಮ್ಮ ನಿಯಮದ ಬಗ್ಗೆ ಉದ್ದಕ್ಕೆ ಬರೆದೆ ಕೂಡ. ಸತ್ತವರ ಮೇಲೆ ನಡೆದು ಹೋಗುವುದು ಆಟದಲ್ಲೂ ಮನುಷ್ಯನಿಗೆ ತಕ್ಕದ್ದಲ್ಲ ಎಂದೆಲ್ಲ ಅದರಲ್ಲಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುವ ಮಾತನ್ನು ನಮ್ಮ ಹಿರಿಯರು ನನ್ನಂಥವರನ್ನು ನೋಡಿಯೇ ಮಾಡಿರಬೇಕು.

ಹೋದ ವರ್ಷ ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಒಂದು ಭಾನುವಾರ ಆಟ ಕೂಡಲಿಲ್ಲ. ಹೆಂಡತಿ ತವರಿಗೆ ಹೋಗಿದ್ದಳು, ಮಾಸ್ತರರಿಗೆ ಏನೋ ತರಬೇತಿ. ನಾನೂ ಮಿಸ್ತ್ರಿಯೂ ಅವನ ಬೈಕಿನಲ್ಲಿ ಜೋಯಿಡಾದ ಕಡೆ ಹೊರಟೆವು. ಅಲ್ಲಿ ಕಾಡಿನೊಳಗೆ ಒಂದು ಎತ್ತರದ ಬಂಡೆ, ಅದರ ಬುಡಕ್ಕೆ ಹೊಳೆ. ಇಳಿಯಲು ಮೆಟ್ಟಿಲು ಕಟ್ಟಿದ್ದಾರೆ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕಬ್ಬಿಣದ ಕಟಕಟೆ, ನಡುವೆ ಇಬ್ಬರು ಭುಜ ತಾಗಿಸಿ ನಡೆಯುವಷ್ಟು ಜಾಗ. ಬಂಡೆಯ ಮೇಲ್ಗಡೆ ಹೆಜ್ಜೇನಿನ ಹುಟ್ಟುಗಳು ಜೋತು ಬಿದ್ದಿರುತ್ತವೆ. ಗದ್ದಲ ಮಾಡಬೇಡಿ ಎಂದು ಹಲಗೆಯೂ ಇದೆ. ನಾವು ಗದ್ದಲ ಮಾಡಲಿಲ್ಲ. ಕೆಳಗಿಳಿದು ಕಾಲು ತೊಳೆದು, ಚೂಡಾ ತಿಂದು, ತಿರುಗಿ ಹತ್ತತೊಡಗಿದೆವು. ಮೊದಲು ನಾನೇ ಮುಂದಿದ್ದೆ. ಅರ್ಧಕ್ಕೆ ಹೊಳೆಯ ಫೋಟೋ ತೆಗೆಯಲು ನಿಂತಾಗ ಅವನು ನನ್ನನ್ನು ಹಾಯ್ದು ಮೇಲೆ ಹೋದ.

ಜೇನು ಯಾಕೆ ಎದ್ದವೋ ಗೊತ್ತಿಲ್ಲ. ಹದ್ದು ಬಡಿದಿರಬಹುದು ಎಂದು ಆಮೇಲೆ ಅಲ್ಲಿಯ ಅರಣ್ಯದ ಗಾರ್ಡ್ ಹೇಳಿದ. ಮೊದಲು ಸದ್ದು ಬಂತು, ಆಮೇಲೆ ಕುತ್ತಿಗೆಗೆ ಒಂದು, ಕಿವಿಗೆ ಒಂದು, ಎಣಿಸುವ ಮೊದಲೇ ಮುಖದ ತುಂಬ. ಓಡಿದೆ. ನಾಲ್ಕು ಮೆಟ್ಟಿಲು ಮೇಲೆ ಮಿಸ್ತ್ರಿ ಜಾರಿ ಬಿದ್ದಿದ್ದ. ಅಡ್ಡ ಬಿದ್ದಿದ್ದ, ತಲೆ ಕಲ್ಲಿನ ಕಡೆ, ಕಾಲು ಕಟಕಟೆಯ ಕಡೆ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಏನೋ ಕೂಗುತ್ತಿದ್ದ. ನಾನು ನಿಲ್ಲಲಿಲ್ಲ. ಅವನ ಸೊಂಟದ ಮೇಲಿಂದ ಕಾಲು ಹಾಕಿ ದಾಟಿದೆ. ಎಡಗಾಲು ಅವನ ಅಂಗಿಯ ಚುಂಗಿನ ಮೇಲೆ ಬಿತ್ತು, ಬಟ್ಟೆ ಒಮ್ಮೆ ಜಗ್ಗಿತು, ಬಿಡಿಸಿಕೊಂಡೆ.

ಮೇಲೆ ರಸ್ತೆಯ ಹತ್ತಿರ ಟಿಕೀಟು ಕೊಡುವ ಗುಡಿಸಲಿತ್ತು. ಅಲ್ಲಿಯ ಗಾರ್ಡಿಗೆ ಕೆಳಗೊಬ್ಬ ಬಿದ್ದಿದ್ದಾನೆ ಎಂದು ನಾನೇ ಹೇಳಿದೆ, ಅದು ಸುಳ್ಳಲ್ಲ. ಆ ಪುಣ್ಯಾತ್ಮ ಕಂಬಳಿ ಹೊದ್ದು, ಹಸಿ ಸೊಪ್ಪಿಗೆ ಬೆಂಕಿ ಹಚ್ಚಿ ಹೊಗೆ ಹಿಡಿದುಕೊಂಡು ಇಳಿದ. ನಾನು ಅವನ ಬೆನ್ನ ಹಿಂದೆ ಇನ್ನೊಂದು ಕಂಬಳಿ ಹೊದ್ದು ಇಳಿದೆ. ಇಬ್ಬರೂ ಸೇರಿ ಮಿಸ್ತ್ರಿಯನ್ನು ಹೊತ್ತು ತಂದೆವು. ಆದರೆ ದಾಟುವಾಗ ನನ್ನ ತಲೆಯಲ್ಲಿ ಗಾರ್ಡ್ ಇರಲಿಲ್ಲ. ಗುಡಿಸಲು ಕಣ್ಣಿಗೆ ಬಿದ್ದ ಮೇಲೆ ಅವನು ನೆನಪಾದ. ದಾಟುವಾಗ ನನ್ನ ತಲೆಯಲ್ಲಿ ಇದ್ದದ್ದು ನಾನೊಬ್ಬನೇ.

ಮೂರು ದಿನ ಅವನು ಆಸ್ಪತ್ರೆಯಲ್ಲಿದ್ದ. ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು. ಮೈಯಿಂದ ಮುಳ್ಳು ತೆಗೆಯುತ್ತಿದ್ದ ನರ್ಸಮ್ಮ ಎಣಿಸುವುದನ್ನೇ ಬಿಟ್ಟರು. ಎರಡನೇ ದಿನ ಎಚ್ಚರವಾದಾಗ ನನ್ನ ಕೈ ತಡವಿ ಹಿಡಿದುಕೊಂಡ.

"ನೀ ಮುಂದ ಇದ್ದಿ, ಛಲೋ ಆತು," ಅಂದ. "ಇಬ್ರೂ ಅಲ್ಲೇ ಬಿದ್ದಿದ್ರ ಯಾರು ಕರೀತಿದ್ರು?"

ಗಾಬರಿಯಲ್ಲಿ ಅವನಿಗೆ ಫೋಟೋದ ವಿಷಯ, ನನ್ನನ್ನು ಹಾಯ್ದು ಹೋದದ್ದು, ಎಲ್ಲ ಮರೆತುಹೋಗಿತ್ತು. ನಾನು ಹೂಂ ಅಂದೆ.

ಒಂದು ಹೂಂ, ಅಷ್ಟೇ. ಅದನ್ನು ಅಲ್ಲಿಯೇ ತಿರುಗಿಸಿ ತೆಗೆದುಕೊಳ್ಳಬಹುದಿತ್ತು. ಬಾತ ಮುಖದವನ ಹತ್ತಿರ ಈಗ ಬೇಡ, ಬಾವು ಇಳಿಯಲಿ ಅಂದುಕೊಂಡೆ. ಬಾವು ಇಳಿಯಿತು. ಮನೆಗೆ ಹೋಗಲಿ ಅಂದುಕೊಂಡೆ. ಮನೆಗೂ ಹೋದ. ಅಷ್ಟರಲ್ಲಿ ಅವನ ತಾಯಿ ಓಣಿಯ ತುಂಬ ಸುದ್ದಿ ಹಬ್ಬಿಸಿದ್ದಳು. ನಾನು ಅವಳನ್ನು ಚಿಕ್ಕಂದಿನಿಂದ ಅಮ್ಮೀ ಎಂದೇ ಕರೆಯುವುದು. ಮಗ ಸಾವಿನ ಬಾಯಲ್ಲಿದ್ದಾಗ ಈ ಬೇಟಾ ಜೇನಿನ ನಡುವೆ ತಿರುಗಿ ನುಗ್ಗಿದ, ಹೆತ್ತ ಮಕ್ಕಳೂ ಮಾಡದ್ದನ್ನು ಮಾಡಿದ ಎಂದು ನೀರಿನ ನಲ್ಲಿಯ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ಹಳಿಯಾಳದಿಂದ ಬಂದ ಬೀಗರ ಮುಂದೆ ಹೇಳಿದಳು. ಐದು ಹೊತ್ತಿನ ನಮಾಜಿನಲ್ಲಿ ನನಗಾಗಿಯೂ ಕೇಳಿಕೊಳ್ಳುತ್ತಾಳಂತೆ. ನನ್ನ ಹೆಂಡತಿ ಹೆಮ್ಮೆಯಿಂದ ಅದನ್ನು ತವರಿಗೆ ಫೋನ್ ಮಾಡಿ ಹೇಳಿದಳು. ಅವಳಿಗೂ ನಾನು ನಿಜ ಹೇಳಿರಲಿಲ್ಲ.

ಆ ತಿಂಗಳುಗಳಲ್ಲಿ ನಾನು ಒಳ್ಳೆಯ ಮನುಷ್ಯನಾಗಿರಲಿಲ್ಲ. ಅಂಗಡಿಗೆ ಬಂದವರ ಮೇಲೆ ಹರಿಹಾಯುತ್ತಿದ್ದೆ. ಆಧಾರ್ ಕಾರ್ಡಿನ ಹಿಂದೂ ಮುಂದೂ ಒಂದೇ ಹಾಳೆಯಲ್ಲಿ ಬೇಕೆಂದ ಮುದುಕಿಗೆ ಅರಚಿದ್ದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಮಿಸ್ತ್ರಿ ತಮಾಷೆಗೆ ಮೆಟ್ಟಿಲು ಎಂದರೂ ನನ್ನ ಮುಖ ಬಿಸಿಯಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ನನ್ನ ವಿಷಯದಲ್ಲಿ ನಿಜವಾಗಿತ್ತು. ಹೇಳಿದರೆ ಏನು ಹೋಗುತ್ತದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಮೂವತ್ತೈದು ವರ್ಷದ ಗೆಳೆಯ ಹೋಗುತ್ತಿದ್ದ. ಇನ್ನೊಬ್ಬ ಗೆಳೆಯನನ್ನು ಮಾಡಿಕೊಳ್ಳುವ ವಯಸ್ಸೂ ನನ್ನದಲ್ಲ, ಮನಸ್ಸೂ ಇಲ್ಲ. ಹೇಳದೆ ಉಳಿದರೂ ಅವನು ದಿನದಿನಕ್ಕೆ ಕೈಬಿಟ್ಟು ಹೋಗುತ್ತಿದ್ದ, ಏಕೆಂದರೆ ಅವನ ಎದುರಿಗೆ ಕೂತರೆ ನನಗೆ ನೆಟ್ಟಗೆ ಮಾತೇ ಬರುತ್ತಿರಲಿಲ್ಲ.

ಮಳೆ ನಿಂತ ಮೇಲೆ ಆಟ ಮತ್ತೆ ಸರಿಯಾಗಿ ಕೂಡತೊಡಗಿತು. ನಾನು ಹೊಸ ಕತೆ ಬರೆದಿದ್ದೆ. ಸೂಪಾ ಅಣೆಕಟ್ಟಿನ ನೀರಿನಡಿ ಊರೊಂದು ಮುಳುಗಿದ್ದು ಎಲ್ಲರಿಗೂ ಗೊತ್ತಿದ್ದದ್ದೇ, ಮಾಸ್ತರರ ಅಜ್ಜನ ಮನೆಯೂ ಅಲ್ಲೇ ಇತ್ತಂತೆ. ಅಂಥದೇ ಒಂದು ಮುಳುಗಿದ ಊರು, ಅದರಡಿಯಲ್ಲಿ ಸುರಂಗ, ಸುರಂಗದೊಳಗೆ ಹುಗಿದಿಟ್ಟ ಗಂಟೆ. ಆ ಸುರಂಗವನ್ನು ಹಾಳೆಯ ಮೇಲೆ ಬರೆಯುವಾಗ ಉದ್ದಕ್ಕೂ ಒಂದೇ ಮನೆಯ ಅಗಲ ಇಟ್ಟೆ. ಎರಡು ಮನೆ ಇಟ್ಟಿದ್ದರೆ ಸುತ್ತು ಹಾಕಲು ಜಾಗವಿರುತ್ತಿತ್ತು. ಯಾಕೆ ಹಾಗೆ ಮಾಡಿದೆ ಎಂದು ನನಗೆ ಈಗಲೂ ಪೂರ್ತಿ ಗೊತ್ತಿಲ್ಲ.

ಆ ಭಾನುವಾರ ಗಂಟೆ ಸಿಕ್ಕಿತು, ಸುರಂಗದ ಒಳತುದಿ ಒಡೆದು ನೀರು ನುಗ್ಗಿತು. ಮಾಸ್ತರರ ಸೀಮೆಸುಣ್ಣ ಮೊದಲೇ ಹೊರಗೆ ಓಡಿತ್ತು. ಅದರ ಹಿಂದೆ ಮಿಸ್ತ್ರಿಯ ಪ್ಲಗ್, ಎಲ್ಲರಿಗಿಂತ ಹಿಂದೆ ನನ್ನ ಹೆಂಡತಿಯ ದಾರದ ಉಂಡೆ. ಅಷ್ಟರಲ್ಲಿ ಒಂದು ಬೋಲ್ಟು ಮಿಸ್ತ್ರಿಯನ್ನು ಹೊಡೆದು ಕೆಡವಿತು. ಪ್ಲಗ್ ಸುರಂಗಕ್ಕೆ ಅಡ್ಡ ಮಲಗಿತು. ಸರದಿ ಹೆಂಡತಿಯದು, ನೀರು ಅವಳ ಬೆನ್ನಿಗೆ ಎರಡೇ ಮನೆ ದೂರ. ನಮ್ಮ ನಿಯಮದ ಪ್ರಕಾರ ಅವಳು ಅವನನ್ನು ಎಳೆಯಬೇಕು. ಅವಳ ವೈದ್ಯೆಗೆ ಅಷ್ಟು ಬಲವಿಲ್ಲ. ಎಳೆಯುತ್ತಾ ಕೂತರೆ ಇಬ್ಬರೂ ಮುಳುಗುತ್ತಾರೆ. ಮಾಸ್ತರರು ಪುಸ್ತಕ ತೆಗೆದು, ಮೂಲ ನಿಯಮದಲ್ಲಾದರೆ ಎರಡು ಮನೆಯ ನಡಿಗೆ ಕೊಟ್ಟು ಮೇಲಿಂದ ಹಾಯ್ದು ಹೋಗಬಹುದು, ಅವಳಾದರೂ ಉಳಿಯುತ್ತಾಳೆ ಎಂದು ನೆನಪಿಸಿದರು. ಮೂವರೂ ನನ್ನ ಮುಖ ನೋಡಿದರು. ಕತೆ ನಡೆಸುವವನ ಮಾತೇ ಕೊನೆ.

ಹಾಯ್ದು ಹೋಗಬಹುದು, ಇವತ್ತಿನಿಂದ ಪುಸ್ತಕದ ನಿಯಮವೇ ನಡೆಯಲಿ ಎಂದೆ. ನೋಟುಬುಕ್ಕು ತೆಗೆದು ಮೊದಲ ಪುಟದ ಸಾಲನ್ನು ಹೊಡೆಯಲು ಪೆನ್ನನ್ನೂ ಹಿಡಿದೆ. ಹೆಂಡತಿ ತಡೆದಳು. ಎರಡು ವರ್ಷ ನಮ್ಮಿಂದ ಹೆಣ ಹೊರಿಸಿದವರು ನೀವೇ, ಈಗ ಯಾಕೆ ಎಂದು ಕೇಳಿದಳು. ಮಿಸ್ತ್ರಿಗೂ ಒಪ್ಪಿಗೆಯಾಗಲಿಲ್ಲ. ವೈನಿ ಎಳೆಯಲಿ, ಮುಳುಗಿದರೆ ಇಬ್ಬರೂ ಮುಳುಗಿದೆವು, ಹೊಸ ಪಾತ್ರ ಮಾಡಿಕೊಂಡರಾಯಿತು ಎಂದು ನಕ್ಕ. ಆ ನಗು ನನಗೆ ತಡೆಯಲಾಗಲಿಲ್ಲ. ದನಿ ಏರಿಸಿದೆ. ನಿಮಗೆಲ್ಲ ಇದು ಮಕ್ಕಳ ಪೆಪ್ಪರಮೆಂಟು, ನಿಯಮವೆಂದರೆ ನಿಜದ ಹತ್ತಿರ ಇರಬೇಕು, ಜೀವಕ್ಕೆ ಬಂದಾಗ ಯಾವನೂ ನಿಂತು ಎಳೆಯುವುದಿಲ್ಲ, ಇದೆಲ್ಲ ಅಜ್ಜಿಯರ ಕತೆ ಎಂದು ಬಾಯಿಗೆ ಬಂದದ್ದು ಅಂದೆ.

ಮಿಸ್ತ್ರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಯಾವನೂ ಅಂದ್ರ ಹೆಂಗ?" ಅಂದ. "ನೀ ನನಗ ಮಾಡಿದ್ದಿಲ್ಲೇನು?"

ಅದನ್ನು ಅವನು ನನ್ನನ್ನು ಸಮಾಧಾನ ಮಾಡಲು ಹೇಳಿದ. ನನ್ನ ಮೇಲೆ ನನಗೇ ಇರುವ ಅಪನಂಬಿಕೆಯ ವಿರುದ್ಧ ಅವನು ತನ್ನ ಮೈಯನ್ನೇ ಸಾಕ್ಷಿ ಮಾಡಿ ಕೊಡುತ್ತಿದ್ದ. ಇನ್ನು ಹಿಡಿದಿಡಲು ನನ್ನಿಂದ ಆಗಲಿಲ್ಲ.

"ನಾ ಮುಂದ ಇದ್ದಿದ್ದಿಲ್ಲ," ಅಂದೆ. "ಫೋಟೋ ತಗಿಯಾಕ ನಿಂತಿದ್ದೆ. ಹಿಂದಿದ್ದೆ. ನೀ ಬಿದ್ದಾಗ ನಿನ್ನ ದಾಟಿ ಹೋದೆ."

ಕೆಳಗೆ ರಸ್ತೆಯಲ್ಲಿ ಯಾರೋ ಬೈಕಿಗೆ ಕಿಕ್ ಹೊಡೆಯುತ್ತಿದ್ದರು, ಹತ್ತಲಿಲ್ಲ. ಮಿಸ್ತ್ರಿಯ ಕಿವಿ ರೂಢಿಯಂತೆ ಆ ಕಡೆ ಹೋಯಿತು, ಆಮೇಲೆ ನನ್ನ ಕಡೆ ಬಂತು. ಹೆಂಡತಿ ನನ್ನನ್ನು ನೋಡುತ್ತಿದ್ದಳು, ನಾನು ಅವಳನ್ನು ನೋಡಲಿಲ್ಲ. ಮಾಸ್ತರರು ದಾಳಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು.

"ಎಲ್ಲೆ ದಾಟಿದಿ?" ಎಂದು ಮಿಸ್ತ್ರಿ ಕೇಳಿದ. ಗಾಡಿಯ ಯಾವ ಭಾಗದಲ್ಲಿ ಸದ್ದು ಬರುತ್ತದೆ ಎಂದು ಗಿರಾಕಿಯನ್ನು ಕೇಳುವ ಅದೇ ದನಿ.

ಸೊಂಟದ ಮೇಲಿಂದ, ಅಂಗಿ ನನ್ನ ಕಾಲಡಿ ಸಿಕ್ಕಿ ಜಗ್ಗಿತು ಎಂದೆ. ಜಗ್ಗಿದ್ದು ಅವನಿಗೂ ನೆನಪಿತ್ತು. ಕಟಕಟೆಗೆ ಸಿಕ್ಕಿರಬೇಕು ಎಂದುಕೊಂಡಿದ್ದನಂತೆ. ಅಷ್ಟು ಹೇಳಿ, ಅಡ್ಡ ಮಲಗಿದ್ದ ಪ್ಲಗ್ಗನ್ನು ಎತ್ತಿ ಅಂಗಿಯ ತುದಿಯಿಂದ ಒರೆಸಿ ಜೇಬಿಗೆ ಹಾಕಿಕೊಂಡ. ಆಟ ಮುಗಿಯಿತು. ನಾವು ಒಬ್ಬೊಬ್ಬರಾಗಿ ಅಟ್ಟದ ಏಣಿ ಇಳಿದೆವು.

ಹೆಂಡತಿ ಚಪ್ಪಲಿ ಹಾಕಿಕೊಂಡು ಮಾಸ್ತರರ ಜೊತೆ ಮುಂದೆ ನಡೆದಳು. ನಾನು ಗ್ಯಾರೇಜಿನ ಬಾಗಿಲಲ್ಲಿ ನಿಂತೆ. ಬೈಯ್ಯಲಿ ಎಂದು ಕಾಯುತ್ತಿದ್ದೆ, ಎರಡು ಏಟು ಬಿಗಿದರೂ ಸರಿ. ಅವನು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತಿದ್ದ, ಕೈ ಹೊಲಸಾಗಿರದಿದ್ದರೂ.

"ಅಮ್ಮೀಗ ಹೇಳಬ್ಯಾಡ," ಅಂದ.

ಯಾಕೆ ಎಂದು ಕೇಳಿದೆ. ಅವಳಿಗೆ ಹೇಳಿಯೇ ಬಿಡುತ್ತೇನೆ, ಆ ಹೊಗಳಿಕೆ ಕೇಳಿ ಕೇಳಿ ಸಾಕಾಗಿದೆ ಎಂದೂ ಸೇರಿಸಿದೆ. ಆಗ ಮಾತ್ರ ಅವನಿಗೆ ಸಿಟ್ಟು ಬಂತು.

"ನಿನಗ ಹಗುರ ಆಗಲಿ ಅಂತ ಆಕೀ ನಿದ್ದಿ ಕೆಡಸ್ತೀಯೇನು? ಆಕೀಗೆ ಮಗಾ ಉಳದಾನ, ಮಗನ ದೋಸ್ತ ಛಲೋ ಅದಾನ. ಎರಡೂ ಇರ್ಲಿ ಬಿಡು."

ಮನೆಗೆ ಬಂದ ಮೇಲೆ ಹೆಂಡತಿ, ಕುತ್ತಿಗೆಗೆ ಜೇನು ಮುತ್ತಿದಾಗ ತಾನಾದರೂ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಅದಕ್ಕಲ್ಲ, ಎಂಟು ತಿಂಗಳು ಪಕ್ಕದಲ್ಲೇ ಮಲಗಿ ಹೇಳಲಿಲ್ಲವಲ್ಲ ಅದಕ್ಕೆ ಬೇಜಾರು ಎಂದಳು. ಎರಡು ಭಾನುವಾರ ಯಾರೂ ಅಟ್ಟ ಹತ್ತಲಿಲ್ಲ. ಮೂರನೇ ಭಾನುವಾರ ಬೆಳಿಗ್ಗೆ ಬರ್ತೀಯೋ ಇಲ್ಲೋ ಎಂದು ಮಿಸ್ತ್ರಿಯ ಫೋನು ಬಂತು. ಹೋದೆ. ಅವನು ಹೊಸ ಪಾತ್ರವೊಂದನ್ನು ಬರೆದಿಟ್ಟುಕೊಂಡಿದ್ದ, ಬಿಲ್ಲುಗಾರ, ದೂರ ನಿಂತು ಹೊಡೆಯುವವ. ನೋಟುಬುಕ್ಕಿನ ನಿಯಮದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಆಮೇಲೆ ಅವನ ತಂಗಿಯ ಮಗಳ ನಿಶ್ಚಿತಾರ್ಥ ಬಂತು. ಮುಂಡಗೋಡದಿಂದ ಗಂಡಿನ ಕಡೆಯವರು ಬಂದಿದ್ದರು. ಊಟಕ್ಕೆ ಕೂತಾಗ ಅಮ್ಮೀ ನನ್ನನ್ನು ಹುಡುಕಿಕೊಂಡು ಬಂದು, ಗಂಡಿನ ಅಜ್ಜನ ಪಕ್ಕ ಕೂರಿಸಿ, ನನ್ನ ತಲೆ ಸವರುತ್ತಾ ಜೇನಿನ ಕತೆ ಶುರು ಮಾಡಿದಳು. ಅವಳ ಬಾಯಲ್ಲಿ ಅದು ಇನ್ನೂ ಬೆಳೆದಿತ್ತು. ಈಗ ನಾನು ಅಂಗಿ ಬಿಚ್ಚಿ ಅವಳ ಮಗನ ಮುಖಕ್ಕೆ ಹೊದಿಸಿದ್ದೆ. ಅಜ್ಜ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಎದುರಿಗೆ ಮಿಸ್ತ್ರಿ ಬಿರಿಯಾನಿಯ ಪಾತ್ರೆ ಹಿಡಿದು ಬಡಿಸುತ್ತಿದ್ದ. ಹೌದೋ ಅಲ್ಲವೋ ಎಂದು ಅಜ್ಜ ಅವನನ್ನೇ ಕೇಳಿದ.

"ಹೌದ್ರೀ," ಅಂದ ಮಿಸ್ತ್ರಿ, ನನ್ನ ಕಡೆ ನೋಡದೆ. "ಇವ ಇದ್ದಿದ್ದಿಲ್ಲಂದ್ರ ನಾ ಇವತ್ತ ಇರ್ತಿದ್ದಿಲ್ಲ."

ಆಮೇಲೆ ಬಗ್ಗಿ ನನ್ನ ತಾಟಿಗೆ ಇನ್ನೊಂದು ಸೌಟು ಹಾಕಿದ. ಸಾಕು ಎಂದು ಕೈ ಅಡ್ಡ ಹಿಡಿದೆ. ಕೈ ಸರಿಸಿ ಮತ್ತೆ ಹಾಕಿದ. ಅಮ್ಮೀ ನೋಡುತ್ತಿದ್ದಳು, ತಿಂದೆ.